ಜಾಯ್ ಆಡಮ್ಸನ್ ಮತ್ತು ಎಲ್ಸಾಳ ಮಕ್ಕಳು

ನಮ್ಮ ಅಜ್ಜನ ಮನೆಯ ನಡುಮನೆಯಲ್ಲಿ ಕಟ್ಟು ಹಾಕಿಸಿದ ವಂಶವೃಕ್ಷವೊಂದಿತ್ತು. ಎಂಟು ತಲೆಮಾರು, ಒಂದೇ ಒಂದು ಹೆಣ್ಣಿನ ಹೆಸರಿಲ್ಲ. ಸಿಂಹಗಳ ಸಂಸಾರದಲ್ಲಿ ಲೆಕ್ಕ ತಿರುವುಮುರುವು. ಅಜ್ಜಿ, ತಾಯಿ, ಚಿಕ್ಕಮ್ಮ, ಮಗಳು ಹೆಚ್ಚಾಗಿ ಹುಟ್ಟಿದ ನೆಲದಲ್ಲೇ ಉಳಿಯುತ್ತಾರೆ, ಗಂಡುಮರಿಗಳು ಪ್ರಾಯಕ್ಕೆ ಬರುತ್ತಲೇ ಗುಂಪು ಬಿಡುತ್ತವೆ. ಇದು ನನಗೆ ತಿಳಿದದ್ದು ಜಾಯ್ ಆಡಮ್ಸನ್ ಅವರ ಬದುಕಿನ ಬೆನ್ನು ಹತ್ತಿದಾಗ.

ಜಾಯ್ ಹುಟ್ಟಿದ್ದು 1910ರಲ್ಲಿ, ಆಗ ಆಸ್ಟ್ರಿಯಾಕ್ಕೆ ಸೇರಿದ್ದ ಟ್ರೊಪ್ಪಾವ್‌ನಲ್ಲಿ. 1937ರಲ್ಲಿ ಕೆನ್ಯಾಕ್ಕೆ ಹೋದರು. ಅಲ್ಲಿನ ಹೂಗಿಡಗಳನ್ನು, ಜನರನ್ನು ಚಿತ್ರಿಸಿದರು. ಎರಡು ಮದುವೆ ಮುರಿದ ಮೇಲೆ ಮೂರನೆಯದು ವನ್ಯಜೀವಿ ವಾರ್ಡನ್ ಜಾರ್ಜ್ ಆಡಮ್ಸನ್ ಜೊತೆ. ಮಕ್ಕಳಾಗಲಿಲ್ಲ.

1956ರಲ್ಲಿ ಮೈಮೇಲೆ ಬಂದ ಸಿಂಹಿಣಿಯೊಂದನ್ನು ಜಾರ್ಜ್ ಗುಂಡಿಟ್ಟು ಕೊಂದರು. ಅದು ಬಾಣಂತಿ ಎಂದು ತಿಳಿದದ್ದು ಆಮೇಲೆ. ಮೂರು ಹೆಣ್ಣುಮರಿಗಳಲ್ಲಿ ಎರಡು ರಾಟರ್‌ಡ್ಯಾಮ್ ಮೃಗಾಲಯಕ್ಕೆ ಹೋದವು. ಚಿಕ್ಕವಳು ಎಲ್ಸಾ ಜಾಯ್ ಬಳಿ ಉಳಿದಳು. ಅವಳಿಗೆ ಬೇಟೆ ಕಲಿಸಿ ಮೇರು ಕಾಡಿಗೆ ಬಿಟ್ಟರು. 1959ರ ಕೊನೆಗೆ ಕಾಡುಸಿಂಹದಿಂದ ಅವಳಿಗೆ ಮೂರು ಮರಿಗಳಾದವು: ಜೆಸ್ಪಾ, ಗೋಪಾ, ಪುಟ್ಟ ಎಲ್ಸಾ. ಮರಿಗಳು ತುಸು ದೊಡ್ಡವಾದ ಮೇಲೆ ತಾಯಿಯೇ ಅವನ್ನು ಶಿಬಿರಕ್ಕೆ ಕರೆತಂದಳು. ಬಾಣಂತನಕ್ಕೆ ಹೋದ ಮಗಳು ಕೂಸಿನೊಡನೆ ಮರಳಿದಂತೆ!

1961ರ ಜನವರಿಯಲ್ಲಿ ಉಣ್ಣೆಯಿಂದ ಹರಡುವ ರೋಗಕ್ಕೆ ಎಲ್ಸಾ ಬಲಿಯಾದಳು. ಬೇಟೆ ಪೂರ್ತಿ ಕಲಿಯದ ಮರಿಗಳು ಊರವರ ಆಡುಗಳಿಗೆ ಬಾಯಿ ಹಾಕಿದವು. ಆಡು ಕಳೆದುಕೊಂಡವರ ಸಿಟ್ಟೂ ಸುಳ್ಳಲ್ಲ. ಹಾಗಾಗಿ ಅವನ್ನು ಹಿಡಿದು ಅದೇ ವರ್ಷ ದೂರದ ಸೆರೆಂಗೆಟಿಗೆ ಸಾಗಿಸಿದರು. ಜೆಸ್ಪಾನ ಮೈಯಲ್ಲಿ ಬಾಣದ ಮೊನೆ ಇನ್ನೂ ನಾಟಿಕೊಂಡಿತ್ತು.

ಆ ಬಯಲಲ್ಲಿ ಮರಿಗಳು ಕಣ್ಮರೆಯಾದವು. ದಂಪತಿ ತಿಂಗಳುಗಟ್ಟಲೆ ಹುಡುಕಿದರು. ಈಗಾದರೆ ಮೀಸೆಯ ಬುಡದ ಚುಕ್ಕೆಗಳನ್ನು ನೋಡಿ ಸಿಂಹವನ್ನು ಗುರುತಿಸುತ್ತಾರೆ, ನಮ್ಮ ಬೆರಳಚ್ಚಿನ ಹಾಗೆ. ಯಾರ ಮಗಳು ಯಾರೆಂದು ತಲೆಮಾರುಗಟ್ಟಲೆ ಬರೆದಿಡುತ್ತಾರೆ. ಆ ವಿಧಾನ ಪ್ರಕಟವಾದದ್ದು 1970ರಲ್ಲಿ. ಜಾಯ್‌ಗೆ ಇದ್ದದ್ದು ತಾಯಿಕಣ್ಣು ಮಾತ್ರ.

ಎಲ್ಸಾಳ ತಾಯಿಯನ್ನು ಕೊಂದ ಮನೆಯಲ್ಲೇ ಅವಳು ಮಗಳಾಗಿ ಬೆಳೆದಳಲ್ಲ, ಇದನ್ನು ನೆನೆದರೆ ನನಗೆ ಇವತ್ತಿಗೂ ಕಸಿವಿಸಿ. ಪುಟ್ಟ ಎಲ್ಸಾಳಿಗೆ ಮಕ್ಕಳಾದವೋ ಇಲ್ಲವೋ, ಆ ಬಳ್ಳಿ ಜಾಯ್ ಕೈಗೆ ಮತ್ತೆ ಸಿಗಲಿಲ್ಲ.

1980ರ ಜನವರಿಯಲ್ಲಿ ಶಾಬಾ ಕಾಡಿನಲ್ಲಿ ಜಾಯ್ ಕೊಲೆಯಾದರು. ಸಿಂಹ ಕೊಂದಿತೆಂದೇ ಮೊದಲು ಸುದ್ದಿ ಹಬ್ಬಿತ್ತು. ಕೊಂದವನು ಕೆಲಸದಿಂದ ತೆಗೆದುಹಾಕಿದ್ದ ಆಳು. ಅವರ ಚಿತಾಭಸ್ಮ ಮೇರುವಿನಲ್ಲಿ ಎಲ್ಸಾಳ ಸಮಾಧಿಯ ಮಣ್ಣು ಸೇರಿತು.