ವಿಲಿಯಂ ಜೇಮ್ಸ್: ಹಣೆಬರಹವೋ, ಸ್ವಂತ ಇಚ್ಛೆಯೋ?

ಎಲ್ಲವೂ ಮೊದಲೇ ನಿರ್ಧಾರವಾಗಿದೆಯೇ, ಇಲ್ಲವೇ ನಮ್ಮ ಆಯ್ಕೆಗೂ ಜಾಗವಿದೆಯೇ? ಹೆಚ್ಚಿನವರಿಗೆ ಇದು ಹೊತ್ತು ಕಳೆಯುವ ಚರ್ಚೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಅವರಿಗೆ ಒಂದು ಕಾಲದಲ್ಲಿ ಅದು ಬದುಕಬೇಕೋ ಬೇಡವೋ ಎಂಬ ಪ್ರಶ್ನೆಯಾಗಿತ್ತು.

1842ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಜೇಮ್ಸ್ ಮೊದಲು ಚಿತ್ರಕಲೆ ಕಲಿತು ಬಿಟ್ಟರು. (ಕಾದಂಬರಿಕಾರ ಹೆನ್ರಿ ಜೇಮ್ಸ್ ಇವರ ತಮ್ಮ.) ರಸಾಯನಶಾಸ್ತ್ರವೂ ಒಗ್ಗಲಿಲ್ಲ. 1865ರಲ್ಲಿ ಅಮೆಜಾನ್‌ಗೆ ಹೊರಟ ಸಂಶೋಧನಾ ತಂಡದ ಜೊತೆ ಹೋಗಿ ಬ್ರೆಜಿಲ್‌ನಲ್ಲಿ ಕಾಯಿಲೆ ಬಿದ್ದರು. 1869ರಲ್ಲಿ ವೈದ್ಯ ಪದವಿ ಸಿಕ್ಕರೂ ವೈದ್ಯ ವೃತ್ತಿ ಹಿಡಿಯಲಿಲ್ಲ. ಬೆನ್ನುನೋವು, ಕಣ್ಣಿನ ತೊಂದರೆ, ಅದರ ಮೇಲೆ ಖಿನ್ನತೆ.

ಅವರನ್ನು ಕಾಡಿದ್ದು ಅವರೇ ಓದಿದ ವಿಜ್ಞಾನ. ಮನಸ್ಸು ಬರೀ ನರಗಳ ಕೆಲಸವಾದರೆ, ತನ್ನ ಖಿನ್ನತೆಯೂ ಮೊದಲೇ ತೀರ್ಮಾನವಾದದ್ದು. ಹೆಣಗಾಡಿ ಏನು ಫಲ? ಇದು ನಮ್ಮ ಹಣೆಬರಹಕ್ಕಿಂತ ಸ್ವಲ್ಪ ಬೇರೆ, ಗಮನಿಸಿ. ಹಣೆಬರಹದಲ್ಲಿ ನೀವು ಏನೇ ಮಾಡಿದರೂ ಆಗುವುದು ಆಗಿಯೇ ತೀರುತ್ತದೆ. ನಿಯತಿವಾದದಲ್ಲಿ ನೀವು ಏನು ಮಾಡುತ್ತೀರಿ ಎಂಬುದೇ ಹಿಂದಿನ ಕಾರಣಗಳಿಂದ ನಿರ್ಧಾರವಾಗಿರುತ್ತದೆ.

1870ರ ಏಪ್ರಿಲ್‌ನಲ್ಲಿ ಫ್ರೆಂಚ್ ತತ್ವಜ್ಞಾನಿ ಶಾರ್ಲ್ ರನೂವಿಯೆ ಅವರ ಬರಹ ಓದಿದರು. ಬೇರೆ ಯೋಚನೆಗಳಿಗೆ ಅವಕಾಶವಿದ್ದರೂ ಒಂದನ್ನೇ ಬೇಕೆಂದು ಹಿಡಿದಿಟ್ಟುಕೊಳ್ಳುವುದೇ ಇಚ್ಛಾಸ್ವಾತಂತ್ರ್ಯ ಎಂಬ ಮಾತು ಜೇಮ್ಸ್‌ಗೆ ಹಿಡಿಸಿತು. ಇಚ್ಛಾಸ್ವಾತಂತ್ರ್ಯವನ್ನು ನಂಬುವುದೇ ತನ್ನ ಮೊದಲ ಸ್ವತಂತ್ರ ಕೆಲಸ ಎಂದು ದಿನಚರಿಯಲ್ಲಿ ಬರೆದುಕೊಂಡರು. ಅದೂ ಸದ್ಯಕ್ಕೆ, ಮುಂದಿನ ವರ್ಷದವರೆಗೆ ಮಾತ್ರ! ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವುದು ಈ ಗಡುವೇ.

ಅಂದೇ ಅವರು ಗುಣವಾದರು ಎಂದು ಪ್ರೇರಣೆಯ ಭಾಷಣಗಳಲ್ಲಿ ಹೇಳುವುದುಂಟು. ಅದು ನಿಜವಲ್ಲ. ಖಿನ್ನತೆ ಮತ್ತೆ ಮತ್ತೆ ಮರಳಿತು. 1873ರಲ್ಲಿ ಹಾರ್ವರ್ಡ್‌ನಲ್ಲಿ ಶರೀರಶಾಸ್ತ್ರ ಪಾಠ ಮಾಡತೊಡಗಿದ ಮೇಲೆ ಕೆಲಸವೂ ಅವರ ಕೈ ಹಿಡಿಯಿತು.

1884ರಲ್ಲಿ ಹಾರ್ವರ್ಡ್‌ನ ಧರ್ಮಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತಾ, ಇಚ್ಛಾಸ್ವಾತಂತ್ರ್ಯವನ್ನು ಸಾಬೀತು ಮಾಡಲು ತಾನು ಬಂದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಮನೆಗೆ ಹೋಗಲು ಎರಡು ಬೀದಿಗಳಿವೆ, ಡಿವಿನಿಟಿ ಅವೆನ್ಯೂ ಮತ್ತು ಆಕ್ಸ್‌ಫರ್ಡ್ ಸ್ಟ್ರೀಟ್. ಒಂದರಲ್ಲಿ ನಡೆದಾಯಿತು. ಇನ್ನೊಂದರಲ್ಲಿ ಹೋಗುವುದು ಅಸಾಧ್ಯವಾಗಿತ್ತೇ? ನಡೆದ ಮೇಲೆ ಯಾವುದನ್ನು ನೋಡಿದರೂ ಸಹಜವಾಗಿಯೇ ಕಾಣುತ್ತದೆ. ಆಗದೇ ಉಳಿದದ್ದು ಆಗಬಹುದಿತ್ತೇ ಎಂಬುದನ್ನು ಆದ ಸಂಗತಿಗಳಿಂದ ಅಳೆಯಲಾಗದು. ಹಾಗಾದರೆ ವಾದವೇ ವ್ಯರ್ಥವೇ? ಜೇಮ್ಸ್ ಹಾಗೆನ್ನಲಿಲ್ಲ. ಒಂದು ಕೊಲೆ ನಡೆದಾಗ ಅದು ನಡೆಯಬಾರದಿತ್ತು ಎಂದು ಮರುಗುತ್ತೇವೆ. ಬೇರೆ ದಾರಿಯೇ ಇರಲಿಲ್ಲವೆಂದರೆ ಆ ಮರುಕಕ್ಕೆ ಅರ್ಥವೇನು ಎಂದು ಕೇಳಿದರು.

12 ವರ್ಷ ದುಡಿದು 1890ರಲ್ಲಿ ಹೊರತಂದ ಮನೋವಿಜ್ಞಾನದ ಎರಡು ಸಂಪುಟಗಳಲ್ಲಿ ಅವರು ತಮ್ಮ ನಂಬಿಕೆಯನ್ನು ವಿಜ್ಞಾನವೆಂದು ದಾಟಿಸಲಿಲ್ಲ. ಈ ಪ್ರಶ್ನೆ ಮನೋವಿಜ್ಞಾನದಿಂದ ಬಗೆಹರಿಯುವಂಥದ್ದಲ್ಲ ಎಂದು ಅಲ್ಲೇ ಬರೆದರು. 1910ರ ಆಗಸ್ಟ್ 26ರಂದು, 68ನೇ ವಯಸ್ಸಿನಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ತಮ್ಮ ಬೇಸಿಗೆ ಮನೆಯಲ್ಲಿ ತೀರಿಕೊಂಡರು.