ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿ: ಓದಿದ್ದನ್ನು ಹಂಚಿದ ಮಹನೀಯರು

ಗ್ರಂಥವನ್ನು ಪೂಜಿಸುವುದು ಬೇರೆ, ಓದುವುದು ಬೇರೆ. ಪೂಜೆಯಿಂದ ಗ್ರಂಥವು ಉಳಿದೀತು. ಆದರೆ ಓದುವವರಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ. ಈ ಸತ್ಯವನ್ನು ತಮ್ಮ ಇಡೀ ಆಯುಷ್ಯದ ದುಡಿಮೆಯಿಂದ ಕನ್ನಡಿಗರಿಗೆ ಮನಗಾಣಿಸಿದವರು ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರನ್ನು ವಚನ ಪಿತಾಮಹರೆಂದು ನಾಡು ಗೌರವಿಸುತ್ತದೆ. ಸಂಶೋಧಕ, ಸಂಪಾದಕ, ವಕೀಲ, ಸಂಸ್ಥಾಪಕ ಎಂದು ಅವರ ವ್ಯಕ್ತಿತ್ವಕ್ಕೆ ಹಲವು ಮುಖಗಳುಂಟು. ಇವೆಲ್ಲಕ್ಕೂ ಮೂಲವಾಗಿ ಅವರೊಬ್ಬ ಓದುಗರು. ಓದಿದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಾರದ ಓದುಗರು.

ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು ಹಾಗೂ ಲೇಖಕರು, ತಾಯಿ ದಾನಮ್ಮನವರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಭಾವವು ಬಲವಾಗಿದ್ದ ಆ ಕಾಲದಲ್ಲಿ, ಕನ್ನಡದಲ್ಲಿ ಬರೆಯುವ ತಂದೆಯ ಮನೆಯಲ್ಲಿ ಬೆಳೆದುದು ಅವರ ಭಾಗ್ಯವೆನ್ನಬೇಕು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಪದವಿ ಪಡೆದು, ಬಳಿಕ ಕಾನೂನು ಪದವಿಯನ್ನೂ ಗಳಿಸಿದರು. ಬೆಳಗಾವಿಯಲ್ಲಿ ಸ್ವಲ್ಪಕಾಲ ವಕೀಲಿ ಮಾಡಿ 1904ರಲ್ಲಿ ವಿಜಾಪುರಕ್ಕೆ, ಎಂದರೆ ಇಂದಿನ ವಿಜಯಪುರಕ್ಕೆ, ಬಂದು ನೆಲೆಸಿದರು. ಮುಂದೆ ಆ ಊರೇ ಅವರ ಕರ್ಮಭೂಮಿಯಾಯಿತು.

ಈ ಶತಮಾನಕ್ಕೆ ಹಿಂದಿನ ಶತಮಾನದ ಆರಂಭದ ವರ್ಷಗಳಲ್ಲಿ, ರಬಕವಿಯ ಮಂಚಾಲೆಯವರ ಮನೆಯಲ್ಲಿ ಅವರು ಕೆಲವು ತಾಳೆಯೋಲೆಯ ಕಟ್ಟುಗಳನ್ನು ಕಂಡರು. ಅವುಗಳಲ್ಲಿ ಪ್ರಭುದೇವರ ವಚನಗಳೂ ಇದ್ದವು. ಕುತೂಹಲದಿಂದ ಬಿಚ್ಚಿದ ಆ ಓಲೆಗಳು ತರುಣ ವಕೀಲರ ಜೀವನದ ದಿಕ್ಕನ್ನೇ ಬದಲಿಸಿದವು. ಅಂದಿನಿಂದ ಊರೂರು ಅಲೆದು, ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಓಲೆಗಳನ್ನು ಹುಡುಕುವ ಕಾರ್ಯ ಮೊದಲಾಯಿತು.

ಆ ಕಟ್ಟುಗಳ ಸ್ಥಿತಿ ಹೇಗಿದ್ದಿತೆಂಬುದನ್ನು ಇಂದಿನವರು ಅರಿಯಬೇಕು. ಬಟ್ಟೆಯಲ್ಲಿ ಸುತ್ತಿ ಜಗುಲಿಯ ಮೇಲಿರಿಸಿದ ಗ್ರಂಥಕ್ಕೆ ವಿಭೂತಿ, ಪತ್ರೆ, ಪುಷ್ಪಗಳು ಸಲ್ಲುತ್ತಿದ್ದವು. ಆದರೆ ಅನೇಕ ಮನೆಗಳಲ್ಲಿ ಅದನ್ನು ಬಿಚ್ಚಿ ಓದುವವರು ಇರಲಿಲ್ಲ. ಹುಳುಗಳೂ ತೇವವೂ ಒಲೆಯ ಹೊಗೆಯೂ ತಮ್ಮ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದವು. ಓದಬೇಕೆಂದರೂ ಸುಲಭವಲ್ಲ. ಕಬ್ಬಿಣದ ಕಂಠದಿಂದ ಕೊರೆದ ಅಕ್ಷರಕ್ಕೆ ಮಸಿ ತೊಡೆದರೆ ಮಾತ್ರ ಅದು ಕಣ್ಣಿಗೆ ಕಾಣುವುದು. ಪದಪದಗಳ ನಡುವೆ ತೆರಪಿಲ್ಲ, ವಾಕ್ಯ ಮುಗಿದ ಗುರುತಿಲ್ಲ. ಒಂದು ವಚನ ಎಲ್ಲಿ ಮುಗಿಯಿತೆಂಬುದನ್ನು ಅಂಕಿತವನ್ನು ಕಂಡೇ ತಿಳಿಯಬೇಕು. ಲಿಪಿಕಾರರ ತಪ್ಪುಗಳನ್ನು ಬೇರೆ ಪ್ರತಿಗಳೊಡನೆ ಹೋಲಿಸಿಯೇ ತಿದ್ದಬೇಕು. ಹಗಲು ನ್ಯಾಯಾಲಯದ ಕಾಗದಗಳನ್ನು ಓದುತ್ತಿದ್ದ ಹಳಕಟ್ಟಿಯವರು ಉಳಿದ ಹೊತ್ತನ್ನೆಲ್ಲ ಈ ಓಲೆಗಳ ಓದಿಗೆ ಧಾರೆಯೆರೆದರು.

ಓದಿದುದನ್ನು ಅಚ್ಚು ಮಾಡಿಸುವುದು ಓದುವುದಕ್ಕಿಂತ ಕಠಿಣವಾಯಿತು. ಹಲವು ವರ್ಷಗಳ ಶ್ರಮದಿಂದ ಸಿದ್ಧವಾದ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಮುದ್ರಣಗೊಂಡಿತು. ಕೆಲವು ವಚನಗ್ರಂಥಗಳು ಅದಕ್ಕೂ ಮೊದಲೇ ಅಚ್ಚಾಗಿದ್ದುದುಂಟು. ಆದರೆ ಬಹುಸಂಖ್ಯೆಯ ವಚನಕಾರರನ್ನು ಒಂದೆಡೆ ತಂದು, ವಿಷಯಾನುಸಾರ ಜೋಡಿಸಿ, ಸಾಮಾನ್ಯ ವಾಚಕನ ಮುಂದಿಟ್ಟುದು ಹೊಸ ಸಾಹಸವಾಗಿದ್ದಿತು. ಶರಣರು ಭಕ್ತರು ಮಾತ್ರವಲ್ಲ, ಕನ್ನಡದ ಶ್ರೇಷ್ಠ ಲೇಖಕರೂ ಹೌದೆಂಬುದು ವಿದ್ವಾಂಸರಿಗೆ ಮನದಟ್ಟಾಯಿತು.

ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಇತರರ ಮುದ್ರಣಾಲಯಗಳನ್ನು ಕಾಯುತ್ತ ಕುಳಿತರೆ ಓಲೆಗಳು ಕಾಯುವುದಿಲ್ಲವೆಂದು ಬಗೆದು, 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿ ಬಾಡಿಗೆಯ ಮನೆಯಲ್ಲಿ ಸಂಸಾರ ಸಾಗಿಸಿದರು. ವಕೀಲಿಯಿಂದ ಸಿರಿವಂತರಾಗಬಹುದಾಗಿದ್ದವರು ಬಡತನವನ್ನು ತಾವಾಗಿ ಬರಮಾಡಿಕೊಂಡರು. ಅದರ ಭಾರವನ್ನು ಅವರ ಪತ್ನಿ ಭಾಗೀರಥಿಯವರೂ ಮಕ್ಕಳೂ ಸಮನಾಗಿ ಹೊತ್ತರೆಂಬುದನ್ನು ಮರೆಯಲಾಗದು.

1926ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಬಂದಿತು. ಹಳಕಟ್ಟಿಯವರ ಓದಿನ ಉತ್ಸಾಹವನ್ನು ಕಾಣಬೇಕಾದರೆ ಅದರ ಸಂಚಿಕೆಗಳನ್ನೇ ತೆರೆಯಬೇಕು. ತಾವು ಹೊಸದಾಗಿ ಓದಿದ ವಚನಗಳು, ಶರಣರ ಚರಿತ್ರೆಗಳು, ಕಾವ್ಯಗಳು, ಅವುಗಳ ವಿವೇಚನೆಗಳು, ಎಲ್ಲವನ್ನೂ ಅವರು ಚಂದಾದಾರರ ಕೈಗೆ ಮುಟ್ಟಿಸಿದರು. ಪತ್ರಿಕೆಯು ಲಾಭ ತರಲಿಲ್ಲ. ಆದರೂ ಅದನ್ನು ಮೂರು ದಶಕಗಳಿಗೂ ಮಿಕ್ಕು ನಡೆಸಿದರು. ಹರಿಹರನ ರಗಳೆಗಳು, 1930ರಲ್ಲಿ ಶೂನ್ಯಸಂಪಾದನೆ, ಹೀಗೆ ಒಂದಾದ ಮೇಲೊಂದು ಗ್ರಂಥವು ಬೆಳಕು ಕಂಡಿತು. ಅಂಬಿಗರ ಚೌಡಯ್ಯ, ಮಾದಾರ ಧೂಳಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಕಾಯಕಜೀವಿಗಳ ನುಡಿಯು ಸಾಮಾನ್ಯರ ಮನೆಗಳನ್ನು ಸೇರಿತು. ಅಲ್ಲಿಯವರೆಗೆ ಹೆಸರು ತಿಳಿದಿದ್ದ ವಚನಕಾರರು ಕೆಲವರೇ. ಇವರ ಶ್ರಮದಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು.

ಅವರ ಪಾಠಗಳೆಲ್ಲ ನಿರ್ದೋಷವೆಂದು ಹೇಳುವುದು ಸಲ್ಲದು. ಏಕಾಂಗಿಯಾಗಿ, ಆತುರದಲ್ಲಿ, ದೊರೆತಷ್ಟೇ ಪ್ರತಿಗಳಿಂದ ಮಾಡಿದ ಕೆಲಸವನ್ನು ನಂತರದ ವಿದ್ವಾಂಸರು ತಿದ್ದಬೇಕಾಯಿತು. 1993ರಲ್ಲಿ ಕರ್ನಾಟಕ ಸರಕಾರವು ಹದಿನೈದು ಸಮಗ್ರ ವಚನ ಸಂಪುಟಗಳನ್ನು ಹೊರತಂದುದು ಆ ಪರಂಪರೆಯ ಫಲ. ಆದರೆ ತಿದ್ದುವುದಕ್ಕೆ ಮೊದಲು ಉಳಿಸಿದವರೊಬ್ಬರು ಬೇಕಲ್ಲವೆ?

ವಿದ್ಯಾಪ್ರಸಾರವೂ ಅವರಿಗೆ ಇದೇ ವ್ರತದ ಇನ್ನೊಂದು ಅಂಗವಾಗಿದ್ದಿತು. ಓದುಬಲ್ಲವರಿಲ್ಲದೆ ಗ್ರಂಥದಿಂದೇನು ಪ್ರಯೋಜನ? 1910ರಲ್ಲಿ ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾಸಂಸ್ಥೆಯ ಸ್ಥಾಪನೆಯಲ್ಲಿಯೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಅವರು ಮುಂದಾಳುಗಳಾಗಿದ್ದರು. 1926ರ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪದವಿಯೂ ಅವರನ್ನು ಅರಸಿ ಬಂದವು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಈ ಪುಣ್ಯಪುರುಷರ ಭಾವಚಿತ್ರಕ್ಕೆ ಮಾಲೆ ಹಾಕುವುದು ಉಚಿತವೇ. ಆದರೆ ಅವರ ಗ್ರಂಥಗಳನ್ನು ಕಪಾಟಿನಲ್ಲಿರಿಸಿ ಬೀಗ ಹಾಕಿದರೆ, ಅವರು ಬಿಚ್ಚಿದ ಬಟ್ಟೆಯನ್ನು ನಾವು ಮತ್ತೆ ಸುತ್ತಿದಂತಾಗುತ್ತದೆ. ಅಧ್ಯಾಪಕರು ತಾವು ಓದಿದ ಒಂದು ಒಳ್ಳೆಯ ಪುಸ್ತಕದ ವಿಷಯವನ್ನು ವಾರಕ್ಕೊಮ್ಮೆಯಾದರೂ ತರಗತಿಯಲ್ಲಿ ಹೇಳಲಿ. ಹಳೆಯ ವಿದ್ಯಾರ್ಥಿಗಳು ತಮಗೆ ಪ್ರಿಯವಾದ ಗ್ರಂಥವೊಂದನ್ನು ಶಾಲೆಗೆ ತಂದುಕೊಡಲಿ. ದಾನಿಗಳು ಕಟ್ಟಡದೊಡನೆ ಗ್ರಂಥಾಲಯವನ್ನೂ ನೆನೆಯಲಿ. ಮಗುವಿನ ಕೈ ತಗುಲಿ ಪುಟ ಸವೆದ ಪುಸ್ತಕವೇ ಹಳಕಟ್ಟಿಯವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಶರಣಾರ್ಥಿ.