ಜೇನುಗೂಡಿನಂಥ ರೇಡಿಯೇಟರ್ ಮಾಡಿದ ವಿಲ್‌ಹೆಲ್ಮ್ ಮೈಬಾಕ್



ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಗಂಗಾವತಿಯಿಂದ ಭತ್ತದ ಚೀಲ ಹೇರಿಕೊಂಡು ಬರುವ ಲಾರಿಗಳನ್ನು ನೀವು ನೋಡಿದ್ದೀರಿ. ಒಮ್ಮೊಮ್ಮೆ ಇಂಥ ಲಾರಿ ರಸ್ತೆಯ ಬದಿಗೆ ನಿಂತಿರುತ್ತದೆ. ಅದರ ಮುಂಭಾಗದಿಂದ ಬುಸ್ಸೆಂದು ಹಬೆ ಏಳುತ್ತಿರುತ್ತದೆ. ಚಾಲಕರು ಇಂಜಿನ್ ಆರುವವರೆಗೂ ಕಾದು, ಆಮೇಲೆ ನೀರು ಹಾಕುತ್ತಾರೆ. ಆ ನೀರನ್ನು ತಂಪು ಮಾಡುವ ಭಾಗಕ್ಕೆ ರೇಡಿಯೇಟರ್ ಎಂದು ಹೆಸರು.

ಇಂಜಿನ್ನಿನ ಒಳಗೆ ಪೆಟ್ರೋಲ್ ಅಥವಾ ಡೀಸೆಲ್ ಉರಿಯುತ್ತದೆ. ಅದರಿಂದ ಹೊರಬರುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಚಕ್ರವನ್ನು ತಲುಪುವುದೇ ಇಲ್ಲ, ಶಾಖವಾಗಿ ಹೋಗುತ್ತದೆ. ಈ ಶಾಖವನ್ನು ಹೊರಗೆ ಕಳಿಸದಿದ್ದರೆ ಇಂಜಿನ್ನಿನ ಲೋಹದ ಭಾಗಗಳು ಹಿಗ್ಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇಂಜಿನ್ ಕೆಟ್ಟು ನಿಲ್ಲುತ್ತದೆ. ಶಾಖವನ್ನು ಬೇಗ ಹೊರಹಾಕುವ ಉಪಾಯವನ್ನು ತೋರಿಸಿಕೊಟ್ಟವರು ಜರ್ಮನಿಯ ವಿಲ್‌ಹೆಲ್ಮ್ ಮೈಬಾಕ್.

ತಬ್ಬಲಿ ಬಾಲಕ

ಮೈಬಾಕ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಜರ್ಮನಿಯ ಹೈಲ್‌ಬ್ರಾನ್ ಎಂಬ ಊರಿನಲ್ಲಿ. ತಂದೆ ಬಡಗಿ. ಮನೆಯಲ್ಲಿ ಐವರು ಗಂಡುಮಕ್ಕಳು. ವಿಲ್‌ಹೆಲ್ಮ್‌ಗೆ ಹತ್ತು ವರ್ಷ ತುಂಬುವ ವೇಳೆಗೆ ತಾಯಿ, ತಂದೆ ಇಬ್ಬರೂ ತೀರಿಕೊಂಡರು. ರಾಯ್ಟ್‌ಲಿಂಗನ್ ಎಂಬ ಊರಿನಲ್ಲಿ ಗುಸ್ಟಾವ್ ವೆರ್ನರ್ ಎಂಬುವರು ಅನಾಥಾಲಯ ನಡೆಸುತ್ತಿದ್ದರು. ಅವರು ಈ ಬಾಲಕನನ್ನು ಕರೆತಂದು ಸಾಕಿದರು.

ಆ ಅನಾಥಾಲಯದ ಜೊತೆಗೆ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೂ ಇತ್ತು. ವಿಲ್‌ಹೆಲ್ಮ್‌ಗೆ ಚಿತ್ರ ಬರೆಯುವುದರಲ್ಲಿ ಒಳ್ಳೆಯ ಕೈ ಇತ್ತು. ಹದಿನೈದನೆಯ ವಯಸ್ಸಿಗೆ ಯಂತ್ರಗಳ ನಕ್ಷೆ ಬರೆಯುವ ಕೆಲಸ ಕಲಿಯಲು ಆರಂಭಿಸಿದ. ಜೊತೆಗೆ ಊರಿನ ಶಾಲೆಯಲ್ಲಿ ಗಣಿತದ ಪಾಠವನ್ನೂ ಹೇಳಿಸಿಕೊಂಡ. ಹತ್ತೊಂಬತ್ತನೆಯ ವಯಸ್ಸಿಗೆ ಪಳಗಿದ ನಕ್ಷೆಗಾರನಾದ.

ಆಗ ಆ ಕಾರ್ಖಾನೆಯ ಮೇಲ್ವಿಚಾರಕರಾಗಿದ್ದವರು ಗಾಟ್ಲೀಬ್ ಡೈಮ್ಲರ್. ಅವರು ಮೈಬಾಕ್‌ಗಿಂತ ಸುಮಾರು ಹನ್ನೆರಡು ವರ್ಷ ದೊಡ್ಡವರು. ಹುಡುಗನ ಜಾಣ್ಮೆಯನ್ನು ಗುರುತಿಸಿದ ಡೈಮ್ಲರ್ ಮುಂದೆ ಹೋದಲ್ಲೆಲ್ಲ ಅವರನ್ನು ಜೊತೆಗೆ ಕರೆದುಕೊಂಡರು. ಈ ಸ್ನೇಹ ಡೈಮ್ಲರ್ ಸಾಯುವವರೆಗೂ ಉಳಿಯಿತು.

ಗಾಜಿನ ಮನೆಯ ಗುಟ್ಟು

1872ರಲ್ಲಿ ಇಬ್ಬರೂ ಡಾಯ್ಟ್ಸ್ ಎಂಬಲ್ಲಿ ನಿಕೊಲಾಸ್ ಆಟೊ ಅವರ ಇಂಜಿನ್ ಕಾರ್ಖಾನೆ ಸೇರಿದರು. ಅಲ್ಲಿ 1876ರಲ್ಲಿ ನಾಲ್ಕು ಹಂತದ ಇಂಜಿನ್ ತಯಾರಾಯಿತು. ಅದು ತುಂಬಾ ಭಾರ, ನಿಧಾನ. ನೆಲಕ್ಕೆ ಬಿಗಿದು ನಿಲ್ಲಿಸಿ ಓಡಿಸಬೇಕಿತ್ತು. ಗಾಡಿಯ ಮೇಲೆ ಕೂರುವಷ್ಟು ಹಗುರವಾದ ಇಂಜಿನ್ ಮಾಡಬೇಕೆಂದು ಡೈಮ್ಲರ್ ಮತ್ತು ಮೈಬಾಕ್ 1882ರಲ್ಲಿ ಕಾನ್‌ಸ್ಟಾಟ್ ಎಂಬ ಊರಿಗೆ ಬಂದರು. ಡೈಮ್ಲರ್ ಮನೆಯ ತೋಟದಲ್ಲಿ ಗಿಡ ಬೆಳೆಸುವ ಗಾಜಿನ ಮನೆ ಇತ್ತು. ಅದೇ ಅವರ ಕಾರ್ಯಾಗಾರವಾಯಿತು.

ಕೆಲಸ ಗುಟ್ಟಾಗಿ ನಡೆಯುತ್ತಿತ್ತು. ಹಗಲು ರಾತ್ರಿ ಸುತ್ತಿಗೆಯ ಸದ್ದು. ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆಂದು ತೋಟದ ಮಾಲಿಗೆ ಅನುಮಾನ ಬಂದಿತಂತೆ. ಪೊಲೀಸರು ಬಂದು ಹುಡುಕಿದರೆ ಸಿಕ್ಕಿದ್ದು ಇಂಜಿನ್ ಮಾತ್ರ!

ಆ ಇಂಜಿನ್ ನಿಮಿಷಕ್ಕೆ 600ಕ್ಕೂ ಹೆಚ್ಚು ಸುತ್ತು ತಿರುಗುತ್ತಿತ್ತು. 1885ರಲ್ಲಿ ಅದನ್ನು ಎರಡು ಚಕ್ರದ ಮರದ ಗಾಡಿಗೆ ಕೂರಿಸಿದರು. 1886ರಲ್ಲಿ ಕುದುರೆಗಾಡಿಯಂಥ ನಾಲ್ಕು ಚಕ್ರದ ಬಂಡಿಗೆ ಜೋಡಿಸಿದರು.

ನೀರು ಸಾಲುತ್ತಿರಲಿಲ್ಲ

ಇಂಜಿನ್ ವೇಗವಾದಂತೆ ಶಾಖವೂ ಹೆಚ್ಚಿತು. ಆ ಕಾಲದ ಹಲವು ಗಾಡಿಗಳಲ್ಲಿ ಇಂಜಿನ್ನಿನ ಸುತ್ತ ನೀರು ತುಂಬುತ್ತಿದ್ದರು. ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. 1888ರಲ್ಲಿ ಬರ್ತಾ ಬೆಂಜ್ ಎಂಬ ಧೀರ ಮಹಿಳೆ ತಮ್ಮ ಪತಿ ಕಾರ್ಲ್ ಬೆಂಜ್ ಮಾಡಿದ ಕಾರಿನಲ್ಲಿ ಸುಮಾರು 100 ಕಿಲೋಮೀಟರ್ ಪ್ರಯಾಣ ಮಾಡಿದರು. ದಾರಿಯುದ್ದಕ್ಕೂ ಮತ್ತೆ ಮತ್ತೆ ನಿಂತು ನೀರು ತುಂಬಿಸಿಕೊಳ್ಳಬೇಕಾಯಿತು. ಹೀಗಾದರೆ ಕಾರು ದೂರ ಹೋಗುವುದು ಹೇಗೆ? ಹೆಚ್ಚು ನೀರು ಹೊತ್ತರೆ ಗಾಡಿ ಭಾರವಾಗುತ್ತದೆ. ಕಡಿಮೆ ಹೊತ್ತರೆ ಇಂಜಿನ್ ಕೆಡುತ್ತದೆ.

ಮೈಬಾಕ್ ಹಂತ ಹಂತವಾಗಿ ದಾರಿ ಹುಡುಕಿದರು. 1889ರಲ್ಲಿ ಅವರು ಉಕ್ಕಿನ ಕೊಳವೆಗಳಿಂದ ಕಾರಿನ ಚೌಕಟ್ಟು ಮಾಡಿದರು. ಆ ಕೊಳವೆಗಳ ಒಳಗೇ ನೀರು ಹರಿಸಿದರು. ಇಂಜಿನ್ನಿನಲ್ಲಿ ಕಾದ ನೀರು ಚೌಕಟ್ಟಿನಲ್ಲಿ ಸುತ್ತಿ, ತಣ್ಣಗಾಗಿ, ಮತ್ತೆ ಇಂಜಿನ್ನಿಗೆ ಬರುತ್ತಿತ್ತು. ಅದೇ ನೀರು, ಮತ್ತೆ ಮತ್ತೆ ಬಳಕೆ! 1897ರಲ್ಲಿ ನೀರಿನ ಪೆಟ್ಟಿಗೆಯ ನಡುವೆ ಸಣ್ಣ ಸಣ್ಣ ದುಂಡು ಕೊಳವೆಗಳನ್ನು ತೂರಿಸಿ, ಅವುಗಳ ಮೂಲಕ ಗಾಳಿ ಹಾಯುವಂತೆ ಮಾಡಿದರು.

8070 ಕಿಂಡಿಗಳು

1900ರ ಮಾರ್ಚ್ 6ರಂದು ಡೈಮ್ಲರ್ ತೀರಿಕೊಂಡರು. ಅದೇ ತಿಂಗಳ 30ರಂದು ಫ್ರಾನ್ಸಿನ ನೀಸ್ ನಗರದ ಬಳಿ ಗುಡ್ಡ ಹತ್ತುವ ಸ್ಪರ್ಧೆ ನಡೆಯಿತು. ಡೈಮ್ಲರ್ ಕಂಪನಿಯ ಎತ್ತರದ ಭಾರವಾದ ಕಾರು ತಿರುವಿನಲ್ಲಿ ಅಪಘಾತಕ್ಕೀಡಾಗಿ ಚಾಲಕ ವಿಲ್‌ಹೆಲ್ಮ್ ಬಾವರ್ ಸತ್ತರು. ಇಂಥ ಕಾರುಗಳು ಇನ್ನು ಸಾಕು ಎಂದು ಹಲವರು ಭಾವಿಸಿದರು. ಆದರೆ ಕಾರುಗಳ ವ್ಯಾಪಾರಿ ಎಮಿಲ್ ಯೆಲಿನೆಕ್ ಹಗುರವಾದ, ತಗ್ಗಾದ, ಹೆಚ್ಚು ಶಕ್ತಿಯ ಕಾರು ಬೇಕೆಂದು ಕೇಳಿದರು. ಅದಕ್ಕೆ ತಮ್ಮ ಮಗಳು ಮರ್ಸಿಡಿಸ್‌ಳ ಹೆಸರಿಡಬೇಕೆಂದರು.

ಗೆಳೆಯನನ್ನು ಕಳೆದುಕೊಂಡ ಮೈಬಾಕ್ ಮೇಲೆ ಈಗ ಎಲ್ಲ ಹೊಣೆ ಬಿತ್ತು. 35 ಅಶ್ವಶಕ್ತಿಯ ಇಂಜಿನ್ನನ್ನು ತಂಪಾಗಿಡಬೇಕು, ಆದರೆ ಗಾಡಿ ಹಗುರವಾಗಿರಬೇಕು. ಅವರು 6 ಮಿಲಿಮೀಟರ್ ಅಗಲದ ಚೌಕ ಕೊಳವೆಗಳನ್ನು ತೆಗೆದುಕೊಂಡರು. ಒಂದಲ್ಲ, ಎರಡಲ್ಲ, 8070 ಕೊಳವೆಗಳು! ಅವನ್ನು ಒತ್ತೊತ್ತಾಗಿ ಜೋಡಿಸಿ ಬೆಸುಗೆ ಹಾಕಿಸಿದರು. ಕೊಳವೆಗಳ ಒಳಗೆ ಗಾಳಿ, ಅವುಗಳ ನಡುವಿನ ತೆಳು ಸಂದಿಗಳಲ್ಲಿ ನೀರು. ಕಾರು ನಿಧಾನವಾಗಿ ಹೋಗುವಾಗಲೂ ಗಾಳಿ ಹಾಯಲೆಂದು ಹಿಂದೆ ಫ್ಯಾನ್ ಇಟ್ಟರು. ನೋಡಲು ಥೇಟ್ ಜೇನುಗೂಡು. ಈ ಕಾರಿಗೆ ಸುಮಾರು 9 ಲೀಟರ್ ನೀರು ಸಾಕಾಯಿತು. ಅದು ಮೊದಲು ಬೇಕಾಗುತ್ತಿದ್ದುದರ ಅರ್ಧ ಮಾತ್ರ. 1901ರ ಮಾರ್ಚ್‌ನಲ್ಲಿ ಅದೇ ನೀಸ್ ನಗರದ ಸ್ಪರ್ಧೆಗಳಲ್ಲಿ ಮರ್ಸಿಡಿಸ್ ಕಾರು ಎಲ್ಲರನ್ನೂ ಹಿಂದೆ ಹಾಕಿತು.

ಇದರ ಹಿಂದಿನ ವಿಜ್ಞಾನ ಸರಳ. ಬಿಸಿ ಚಹಾವನ್ನು ಹಿರಿಯರು ಬಸಿಗೆ ಸುರಿದು ಕುಡಿಯುತ್ತಾರಲ್ಲವೇ? ಬಸಿಯಲ್ಲಿ ಚಹಾ ಹರಡಿಕೊಳ್ಳುತ್ತದೆ. ಗಾಳಿಗೆ ತಾಗುವ ಮೇಲ್ಮೈ ಹೆಚ್ಚುತ್ತದೆ. ಬೇಗ ಆರುತ್ತದೆ. ಮೈಬಾಕ್ ನೀರಿನ ಪ್ರಮಾಣ ಹೆಚ್ಚಿಸಲಿಲ್ಲ, ಮೇಲ್ಮೈ ಹೆಚ್ಚಿಸಿದರು.

ಗೇರ್ ಆಯಿಲ್‌ಗೂ ಒಂದು ರೇಡಿಯೇಟರ್

ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಕಾರುಗಳಿವೆ. ಇವುಗಳಿಗೆ ಆಟೊಮ್ಯಾಟಿಕ್ ಗೇರಿನ ಕಾರು ಎನ್ನುತ್ತಾರೆ. ಇವುಗಳಲ್ಲಿ ಹಲವಕ್ಕೆ ಇಂಜಿನ್ನಿನ ಶಕ್ತಿ ಆಯಿಲ್ ಮೂಲಕ ಗೇರಿಗೆ ದಾಟುತ್ತದೆ. ಇಂಜಿನ್ ಒಂದು ರೆಕ್ಕೆಚಕ್ರವನ್ನು ತಿರುಗಿಸುತ್ತದೆ. ಅದು ಆಯಿಲನ್ನು ಎರಚುತ್ತದೆ. ಆಯಿಲ್ ಎದುರಿನ ರೆಕ್ಕೆಚಕ್ರವನ್ನು ತಿರುಗಿಸುತ್ತದೆ. ಹೀಗೆ ಕಡೆದಾಡಿದ ಆಯಿಲ್ ಕಾಯುತ್ತದೆ. ಘಟ್ಟ ಹತ್ತುವಾಗ, ಭಾರ ಎಳೆಯುವಾಗ ಇನ್ನೂ ಕಾಯುತ್ತದೆ. ಅತಿಯಾಗಿ ಕಾದರೆ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ, ಗೇರಿನ ಭಾಗಗಳು ಸವೆಯುತ್ತವೆ.

ಅದಕ್ಕಾಗಿ ಮೆಕ್ಯಾನಿಕ್‌ಗಳು ಹೆಚ್ಚುವರಿಯಾಗಿ ಒಂದು ಚಿಕ್ಕ ಆಯಿಲ್ ಕೂಲರ್ ಜೋಡಿಸುವುದುಂಟು. ಅದನ್ನು ಆರಿಸುವಾಗ ಕಾರಿನ ತೂಕ, ಎಳೆಯುವ ಭಾರ ಎರಡನ್ನೂ ನೋಡುತ್ತಾರೆ. ಚಿಕ್ಕದಾದರೆ ಆಯಿಲ್ ಆರುವುದಿಲ್ಲ. ಚಳಿ ದೇಶಗಳಲ್ಲಿ ತೀರ ದೊಡ್ಡದಾದರೆ ಆಯಿಲ್ ಬೇಕಾದಷ್ಟು ಬೆಚ್ಚಗಾಗದೆ ಗಟ್ಟಿಯಾಗಿ ಉಳಿಯುತ್ತದೆ. ಎದುರುಗಾಳಿ ನೇರವಾಗಿ ಬಡಿಯುವಂತೆ ಸಾಮಾನ್ಯವಾಗಿ ರೇಡಿಯೇಟರಿನ ಮುಂದೆ ಕೂರಿಸುತ್ತಾರೆ. ಆಯಿಲ್ ಹರಿಯುವ ಪೈಪು ಬಿಸಿ ಸೈಲೆನ್ಸರಿಗೆ ತಾಗದಂತೆ ಕಟ್ಟುತ್ತಾರೆ. ಕೊನೆಗೆ ಇಂಜಿನ್ ಓಡಿಸಿ ಸೋರಿಕೆ ಇದೆಯೇ ಎಂದು ನೋಡಿ, ಆಯಿಲ್ ಮಟ್ಟ ಸರಿಪಡಿಸುತ್ತಾರೆ. ಇಲ್ಲಿಯೂ ಕೆಲಸ ಮಾಡುವುದು ಮೈಬಾಕ್ ನಂಬಿದ ತತ್ವವೇ: ಹೆಚ್ಚು ಮೇಲ್ಮೈ, ಹೆಚ್ಚು ಗಾಳಿ.

ಕೊನೆಯ ದಿನಗಳು

1907ರಲ್ಲಿ ಮೈಬಾಕ್ ಡೈಮ್ಲರ್ ಕಂಪನಿಯನ್ನು ಬಿಟ್ಟರು. 1909ರಿಂದ ಮಗ ಕಾರ್ಲ್ ಜೊತೆ ಸೇರಿ ಜೆಪ್ಪೆಲಿನ್ ವಾಯುನೌಕೆಗಳಿಗೆ ಇಂಜಿನ್ ತಯಾರಿಸುವ ಕೆಲಸದಲ್ಲಿ ತೊಡಗಿದರು. 1916ರಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1929ರ ಡಿಸೆಂಬರ್ 29ರಂದು, ತಮ್ಮ 83ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅನಾಥಾಲಯದಲ್ಲಿ ಬೆಳೆದ ಆ ಹುಡುಗ ಕಂಡ ಉಪಾಯ ಯಲಬುರ್ಗಾದ ಹೊಲದ ಟ್ರ್ಯಾಕ್ಟರಿನಲ್ಲೂ ಕೊಪ್ಪಳದ ಬಸ್ಸಿನಲ್ಲೂ ಇಂದಿಗೂ ಕೆಲಸ ಮಾಡುತ್ತಿದೆ.

ಮಾಡಿ ನೋಡಿ

ಹಿರಿಯರ ಸಹಾಯದಿಂದ ಒಂದೇ ಅಳತೆಯ ಬಿಸಿನೀರನ್ನು ಒಂದು ಲೋಟಕ್ಕೂ ಒಂದು ಅಗಲ ತಟ್ಟೆಗೂ ಹಾಕಿಸಿ. ಹತ್ತು ನಿಮಿಷದ ನಂತರ ಯಾವುದು ಹೆಚ್ಚು ಆರಿದೆ? ತಟ್ಟೆಗೆ ರಟ್ಟಿನಿಂದ ಗಾಳಿ ಬೀಸಿದರೆ ಏನಾಗುತ್ತದೆ?

ಲೆಕ್ಕ ಮಾಡಿ

10 ಸೆಂಟಿಮೀಟರ್ ಬಾಹುವಿನ ಘನದ ಮೇಲ್ಮೈ 600 ಚದರ ಸೆಂಟಿಮೀಟರ್. ಅದನ್ನು 1 ಸೆಂಟಿಮೀಟರಿನ 1000 ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ ಎಷ್ಟಾಗುತ್ತದೆ? (ಉತ್ತರ: 6000 ಚದರ ಸೆಂಟಿಮೀಟರ್)

ಎಚ್ಚರಿಕೆ

ಭತ್ತದ ಹೊಟ್ಟು, ಧೂಳು ರೇಡಿಯೇಟರಿನ ಕಿಂಡಿಗಳಲ್ಲಿ ಕೂತರೆ ಗಾಳಿ ಹಾಯದೆ ಇಂಜಿನ್ ಕಾಯುತ್ತದೆ. ಇದನ್ನು ಮನೆಯ ಟ್ರ್ಯಾಕ್ಟರ್ ಓಡಿಸುವವರಿಗೆ ತಿಳಿಸಿ. ಆದರೆ ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬೇಡಿ. ಒತ್ತಡದಲ್ಲಿರುವ ಹಬೆ ಮತ್ತು ಕುದಿನೀರು ಚಿಮ್ಮಿ ಮುಖ, ಕೈ ಸುಡುತ್ತದೆ.